ಓಎಸ್ ಕಟ್ಟಲು ಎಷ್ಟು ಕಲಿತಿರಬೇಕು?

1991ರ ಮೊದಲ ತಿಂಗಳುಗಳು. ಹೆಲ್ಸಿಂಕಿಯ ಮನೆಯೊಂದರ ಕೋಣೆಯಲ್ಲಿ 21 ವರ್ಷದ ವಿದ್ಯಾರ್ಥಿಯೊಬ್ಬ ಹೊಸದಾಗಿ ಕೊಂಡ 386 ಕಂಪ್ಯೂಟರಿನ ಮುಂದೆ ಕೂತಿದ್ದಾನೆ. ಪರದೆಯ ಮೇಲೆ ಸಾಲಾಗಿ ‘ಎ’ ಅಕ್ಷರಗಳು ಮೂಡುತ್ತವೆ, ಸ್ವಲ್ಪ ಹೊತ್ತಿಗೆ ‘ಬಿ’ ಅಕ್ಷರಗಳು, ಮತ್ತೆ ‘ಎ’. ಪಕ್ಕದಲ್ಲಿ ನಿಂತು ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣದು. ಆದರೆ ಅಲ್ಲಿ ಆಗುತ್ತಿದ್ದದ್ದು ದೊಡ್ಡ ಸಂಗತಿ. ಟೈಮರ್ ಎಚ್ಚರಿಸಿದಾಗಲೆಲ್ಲ ಪ್ರೊಸೆಸರ್ ಒಂದು ಕೆಲಸವನ್ನು ನಡುವೆಯೇ ನಿಲ್ಲಿಸಿ, ಎಲ್ಲಿ ನಿಂತೆ ಎಂಬುದನ್ನು ಬರೆದಿಟ್ಟು, ಇನ್ನೊಂದು ಕೆಲಸಕ್ಕೆ ಹೋಗುತ್ತಿತ್ತು. ಮರಳಿ ಬಂದಾಗ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತಿತ್ತು. ಆ ಹುಡುಗ ಲಿನಸ್ ಟೊರ್ವಾಲ್ಡ್ಸ್. ಆ ಎರಡಕ್ಷರದ ಪ್ರೊಗ್ರಾಂ ಬೆಳೆದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ (ಓಎಸ್) ಆಯಿತು. ಇವತ್ತು ಆಂಡ್ರಾಯ್ಡ್ ಫೋನುಗಳೆಲ್ಲ ನಡೆಯುವುದು ಅದರ ಮೇಲೆ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಬೇರೆ ಓಎಸ್ ಇಲ್ಲವೇ ಇಲ್ಲ.

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಈ ಕಥೆ ಚೆನ್ನಾಗಿ ಗೊತ್ತು. ಇದರ ಜೊತೆಗೆ ಇನ್ನೊಂದನ್ನೂ ಕೇಳಿರುತ್ತಾರೆ: 1969ರ ಬೇಸಿಗೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ತಮ್ಮ ಹೆಂಡತಿಯು ಮಗುವನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಮೂರು ವಾರಗಳಲ್ಲಿ ಯುನಿಕ್ಸ್ ಎಂಬ ಓಎಸ್‌ನ ಮೊದಲ ರೂಪವನ್ನು ಎಬ್ಬಿಸಿ ನಿಲ್ಲಿಸಿದರು ಎಂಬ ಕಥೆ. ಎರಡೂ ನಿಜ. ಎರಡನ್ನೂ ಕೇಳಿದವರು ಕೇಳುವ ಪ್ರಶ್ನೆಯೂ ಒಂದೇ. ‘ಸರ್, ನಾನೂ ಒಂದು ಓಎಸ್ ಬರೀಬೇಕು. ಶುರು ಮಾಡೋಕೆ ಮೊದಲು ಏನೇನು ಕಲ್ತಿರಬೇಕು?’

ಇದಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಒಬ್ಬರು ‘ಏನೂ ಬೇಡ, ಧುಮುಕಿ, ಮಾಡ್ತಾ ಮಾಡ್ತಾ ಬರುತ್ತೆ’ ಎನ್ನುತ್ತಾರೆ. ಇನ್ನೊಬ್ಬರು ಹತ್ತು ವರ್ಷದ ಅನುಭವ, ಹಾರ್ಡ್‌ವೇರ್ ಜ್ಞಾನ, ಇಂಟೆಲ್‌ನ ಸಾವಿರಾರು ಪುಟಗಳ ಕೈಪಿಡಿ ಎಂದು ಪಟ್ಟಿ ಕೊಟ್ಟು ಬಾಗಿಲು ಹಾಕುತ್ತಾರೆ. ಎರಡೂ ತಪ್ಪು ಉತ್ತರ ಎಂದು ನಾನು ಖಚಿತವಾಗಿ ನಂಬಿದ್ದೇನೆ. ಮೊದಲನೆಯದನ್ನು ನಂಬಿದವರು ಎರಡನೇ ವಾರಕ್ಕೆ ಕೈಬಿಡುತ್ತಾರೆ. ಎರಡನೆಯದನ್ನು ನಂಬಿದವರು ಆರಂಭಿಸುವುದೇ ಇಲ್ಲ.

ಲಿನಸ್ ಕಥೆಯನ್ನೇ ಪೂರ್ತಿಯಾಗಿ ಕೇಳೋಣ. ಆ ಹುಡುಗನ ತಾಯಿಯ ತಂದೆ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಅವರು ತಂದ ಕಾಮಡೋರ್ ವಿಕ್-20 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಲಿನಸ್ ಕೈಯಿಟ್ಟದ್ದು ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ. ಮೊದಲು ಬೇಸಿಕ್, ಅದು ಸಾಲದೆ ಬಂದಾಗ ನೇರವಾಗಿ ಯಂತ್ರಭಾಷೆ. ಮುಂದೆ ಸಿಂಕ್ಲೇರ್ ಕ್ಯೂಎಲ್ ಎಂಬ ಯಂತ್ರ ಕೊಂಡ. ಫಿನ್ಲೆಂಡಿನಲ್ಲಿ ಅದಕ್ಕೆ ಸಾಫ್ಟ್‌ವೇರ್ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಅಸೆಂಬ್ಲರ್, ಎಡಿಟರ್, ಕೆಲವು ಆಟಗಳು ಎಲ್ಲವನ್ನೂ ತಾನೇ ಬರೆದುಕೊಂಡ, ಆ ಯಂತ್ರದ ಓಎಸ್‌ನೊಳಗೂ ಕೈಯಾಡಿಸಿದ. 386 ಮನೆಗೆ ಬರುವ ಹೊತ್ತಿಗೆ ಯಂತ್ರದ ತೀರಾ ಹತ್ತಿರ ಕೂತು ಪ್ರೊಗ್ರಾಂ ಬರೆದ ಸುಮಾರು ಹತ್ತು ವರ್ಷಗಳ ರೂಢಿ ಆ ಕೈಗಳಿಗಿತ್ತು.

ಇನ್ನೊಂದು ಬದಿಯನ್ನೂ ನೋಡಬೇಕು. ಸಿ ಭಾಷೆ ಮತ್ತು ಯುನಿಕ್ಸ್ ಲಿನಸ್‌ಗೆ ಪರಿಚಯವಾದದ್ದು 1990ರಲ್ಲಷ್ಟೇ, ವಿಶ್ವವಿದ್ಯಾಲಯದ ಒಂದು ಕೋರ್ಸಿನಲ್ಲಿ. ಓಎಸ್ ಎಂದರೇನು ಎಂಬುದನ್ನು ಕಲಿತದ್ದು ಆ ಬೇಸಿಗೆಯಲ್ಲಿ ಓದಿದ ಆಂಡ್ರ್ಯೂ ಟಾನೆನ್‌ಬಾಮ್ ಅವರ ಪಠ್ಯಪುಸ್ತಕದಿಂದ. 386 ಚಿಪ್ ಕೂಡ ಹೊಸದೇ. ಅದನ್ನು ಅರಿಯುವುದಕ್ಕೇ ಆ ‘ಎ’ ಮತ್ತು ‘ಬಿ’ ಪ್ರೊಗ್ರಾಂ ಬರೆದದ್ದು. ಅಂದರೆ ಓಎಸ್ ವಿಷಯದಲ್ಲಿ ಲಿನಸ್ ನಿಜಕ್ಕೂ ಹೊಸಬ. ಪ್ರೊಗ್ರಾಮಿಂಗಿನಲ್ಲಿ ಮಾತ್ರ ಅಲ್ಲ.

ಥಾಂಪ್ಸನ್ ಅವರ ಮೂರು ವಾರಗಳ ಹಿಂದೆಯೂ ವರ್ಷಗಳಿವೆ. ಎಂಐಟಿ, ಜನರಲ್ ಎಲೆಕ್ಟ್ರಿಕ್, ಬೆಲ್ ಲ್ಯಾಬ್ಸ್ ಸೇರಿ ಕಟ್ಟುತ್ತಿದ್ದ ಮಲ್ಟಿಕ್ಸ್ ಎಂಬ ಭಾರೀ ಓಎಸ್‌ನಲ್ಲಿ ಅವರು ಕೆಲಸ ಮಾಡಿದ್ದರು. 1969ರಲ್ಲಿ ಬೆಲ್ ಲ್ಯಾಬ್ಸ್ ಆ ಯೋಜನೆಯಿಂದ ಹೊರಬಂತು. ಆಮೇಲೆ ಡೆನ್ನಿಸ್ ರಿಚಿ ಮತ್ತು ರಡ್ ಕೆನಡೆ ಜೊತೆ ಕೂತು ಹೊಸ ಫೈಲ್ ಸಿಸ್ಟಂ ಹೇಗಿರಬೇಕೆಂದು ಬೋರ್ಡಿನ ಮೇಲೆ ಬರೆದು ಚರ್ಚಿಸಿದ್ದರು. ಮೂಲೆಯಲ್ಲಿದ್ದ ಪಿಡಿಪಿ-7 ಯಂತ್ರಕ್ಕೆ ‘ಸ್ಪೇಸ್ ಟ್ರಾವೆಲ್’ ಎಂಬ ಆಟ ಬರೆದು ಅದರ ಒಳಹೊರಗನ್ನು ಅರಿತಿದ್ದರು. ಉಳಿದಿದ್ದ ಕರ್ನೆಲ್ (ಓಎಸ್‌ನ ತಿರುಳು) ಕೆಲಸ, ಬಳಕೆದಾರರ ಆಜ್ಞೆಗಳನ್ನು ಓದಿ ನಡೆಸುವ ಶೆಲ್, ಎಡಿಟರ್, ಅಸೆಂಬ್ಲರ್ ಆ ಮೂರು ವಾರಗಳಲ್ಲಿ ಮುಗಿದವು. ಆ ವಾರಗಳು ಅದ್ಭುತವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ್ನು ಹೊಸಬರ ಮುಂದೆ ಅಳತೆಗೋಲಾಗಿ ಇಡುವುದು ಅನ್ಯಾಯ.

ಇಷ್ಟಾದ ಮೇಲೆ ನನ್ನ ಉತ್ತರ ಹೇಳಿಬಿಡುತ್ತೇನೆ: ಓಎಸ್ ಕಟ್ಟಲು ಓಎಸ್ ಬಗ್ಗೆ ಮೊದಲೇ ಗೊತ್ತಿರಬೇಕಾದದ್ದು ಬಹಳ ಕಡಿಮೆ, ಪ್ರೊಗ್ರಾಂ ಬರೆಯುವ ಬಗ್ಗೆ ಗೊತ್ತಿರಬೇಕಾದದ್ದು ಬಹಳ ಹೆಚ್ಚು. ಓಎಸ್ ತನ್ನನ್ನು ತಾನು ಕಲಿಸಿಕೊಡುತ್ತದೆ. ಪ್ರೊಗ್ರಾಮಿಂಗನ್ನು ಅದು ಕಲಿಸುವುದಿಲ್ಲ, ಕಲಿಯಲು ಬಂದವರನ್ನು ಹೊರಗೆ ದಬ್ಬುತ್ತದೆ. ಯಾಕೆ ಎಂಬುದು ತಿಳಿಯಬೇಕಾದರೆ ಯಂತ್ರ ಎಚ್ಚರಗೊಳ್ಳುವ ಮೊದಲ ಕ್ಷಣಗಳನ್ನು ನೋಡಬೇಕು.

ಬರಿಯ ಯಂತ್ರದ ಮುಂದೆ

ಹಳೆಯ ಬಗೆಯ ಪಿಸಿ ಆನ್ ಆದಾಗ ಬಯೋಸ್ ಎಂಬ ಪುಟ್ಟ ಪ್ರೊಗ್ರಾಂ ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ ಮೆಮೊರಿಯ 31,744ನೇ ವಿಳಾಸದಲ್ಲಿ ತಂದಿಡುತ್ತದೆ. ಕೊನೆಯ ಎರಡು ಬೈಟುಗಳಲ್ಲಿ 85 ಮತ್ತು 170 ಎಂಬ ಗುರುತಿನ ಸಂಖ್ಯೆಗಳಿದ್ದರೆ ಪ್ರೊಸೆಸರನ್ನು ಅಲ್ಲಿಗೆ ಕಳಿಸಿ ತಾನು ಕೈತೊಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಯಂತ್ರ ನಿಮ್ಮದು. ಆ ಹೊತ್ತಿಗೆ ಪ್ರೊಸೆಸರ್ 1978ರ 8086 ಚಿಪ್ಪಿನ ರೀತಿಯಲ್ಲೇ ನಡೆದುಕೊಳ್ಳುತ್ತಿರುತ್ತದೆ. ಒಂದು ಎಂಬಿ ಮೆಮೊರಿಯಾಚೆಗೆ ಅದಕ್ಕೆ ಕಾಣದು. ಅದನ್ನು 32 ಬಿಟ್ಟಿಗೆ, ಅಲ್ಲಿಂದ 64 ಬಿಟ್ಟಿಗೆ ಏರಿಸುವ ಕೆಲಸ ನಿಮ್ಮದೇ. ಈಗಿನ ಯಂತ್ರಗಳಲ್ಲಿ ಬಯೋಸ್ ಜಾಗಕ್ಕೆ ಯುಇಎಫ್‌ಐ ಬಂದು ಈ ಕಷ್ಟ ಕೊಂಚ ಇಳಿದಿದೆ.

ಕಾಲೇಜಿನಲ್ಲಿ ಕಲಿತ ಸಿ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಪ್ರಿಂಟ್‌ಎಫ್ ಇಲ್ಲ, ಯಾಕೆಂದರೆ ಅದು ಕೊನೆಗೆ ಬೇಡುವುದು ಓಎಸ್‌ನ ಸೇವೆಯನ್ನು. ಆ ಓಎಸ್ಸನ್ನು ನೀವಿನ್ನೂ ಬರೆದಿಲ್ಲ. ಮೆಮೊರಿ ಕೇಳಿ ಪಡೆಯುವ ಮ್ಯಾಲಕ್ ಇಲ್ಲ. ಫೈಲ್ ಇಲ್ಲ. ಕೀಬೋರ್ಡಿನಲ್ಲಿ ‘ಎ’ ಒತ್ತಿದರೆ ‘ಎ’ ಬರುವುದಿಲ್ಲ. 30 ಎಂಬ ಸಂಖ್ಯೆ ಬರುತ್ತದೆ, ಬೆರಳೆತ್ತಿದಾಗ 158 ಬರುತ್ತದೆ. ಶಿಫ್ಟ್ ಒತ್ತಿತ್ತೇ ಇಲ್ಲವೇ ಎಂಬುದನ್ನು ನೆನಪಿಟ್ಟುಕೊಂಡು ಅದನ್ನು ಅಕ್ಷರವಾಗಿಸುವುದು ನಿಮ್ಮ ಪಾಲಿಗೆ ಬಂದ ಕೆಲಸ. ಪಿಸಿಯ ಟೈಮರ್ ಚಿಪ್ ಸೆಕೆಂಡಿಗೆ 11,93,182 ಸಲ ಮಿಡಿಯುತ್ತದೆ. ಅದನ್ನು 11,932ರಿಂದ ಭಾಗಿಸು ಎಂದು ಹೇಳಿದರೆ ಸೆಕೆಂಡಿಗೆ ಸುಮಾರು ನೂರು ಸಲ ನಿಮ್ಮನ್ನು ಎಚ್ಚರಿಸುತ್ತದೆ. ಅಂಥ ಒಂದು ಎಚ್ಚರಿಕೆಯ ಮೇಲೆಯೇ ಲಿನಸ್‌ನ ‘ಎ’ ಮತ್ತು ‘ಬಿ’ ಕುಣಿದದ್ದು.

ಈ ಪ್ರತಿಯೊಂದು ವಿಷಯವೂ ಪುಸ್ತಕದಲ್ಲಿದೆ, ಓದಿದರೆ ತಿಳಿಯುತ್ತದೆ. ಮೊದಲೇ ಗೊತ್ತಿರಬೇಕಾಗಿಲ್ಲ. ಗೊತ್ತಿರಬೇಕಾದದ್ದು ಬೇರೆ. ಒಂದು ಪಾಯಿಂಟರ್ ತಪ್ಪು ಜಾಗಕ್ಕೆ ಬರೆದರೆ ಸಾಮಾನ್ಯ ಪ್ರೊಗ್ರಾಮಿನಲ್ಲಿ ಓಎಸ್ ಅದನ್ನು ಹಿಡಿದು, ಆ ಪ್ರೊಗ್ರಾಮನ್ನು ಕೊಂದು, ಒಂದು ಸಂದೇಶ ಕೊಡುತ್ತದೆ. ಇಲ್ಲಿ ಹಿಡಿಯುವವರಿಲ್ಲ. ತಪ್ಪನ್ನು ನಿಭಾಯಿಸಹೊರಟ ಕೋಡಿನಲ್ಲೂ ತಪ್ಪಿದ್ದು, ಅದನ್ನು ನಿಭಾಯಿಸುವಾಗ ಮತ್ತೊಮ್ಮೆ ತಪ್ಪಿದರೆ ಪ್ರೊಸೆಸರ್ ತಾನಾಗಿ ಮರುಚಾಲನೆಗೆ ಹೋಗುತ್ತದೆ. ಇದಕ್ಕೆ ಟ್ರಿಪಲ್ ಫಾಲ್ಟ್ ಎನ್ನುತ್ತಾರೆ. ಪರದೆ ಒಮ್ಮೆ ಮಿಂಚುತ್ತದೆ, ಯಂತ್ರ ಮೊದಲಿನಿಂದ ಶುರುವಾಗುತ್ತದೆ. ಏನಾಯಿತು, ಎಲ್ಲಾಯಿತು ಎಂದು ಹೇಳುವವರು ಯಾರೂ ಇಲ್ಲ. ಪಾಯಿಂಟರ್ ಎಂದರೆ ಇನ್ನೂ ಗೊಂದಲವಿರುವ ಹುಡುಗನಿಗೆ ಇದು ಓಎಸ್‌ನ ತಪ್ಪೋ, ತನ್ನ ಸಿ ತಪ್ಪೋ, ಕಂಪೈಲರಿಗೆ ಕೊಟ್ಟ ಸೂಚನೆಯ ತಪ್ಪೋ ಬಿಡಿಸಿ ನೋಡಲು ಆಗುವುದಿಲ್ಲ. ಮೂರು ಗೊತ್ತಿಲ್ಲದ ವಿಷಯಗಳು ಒಂದರ ಮೇಲೊಂದು ಕೂತಿರುತ್ತವೆ. ಅವುಗಳಲ್ಲಿ ಎರಡಾದರೂ ಮೊದಲೇ ಗಟ್ಟಿಯಾಗಿದ್ದರೆ ಮೂರನೆಯದನ್ನು ಹುಡುಕಿ ಹಿಡಿಯಬಹುದು.

ಪರದೆಯ ಮೇಲೆ ‘ಕರ್ನಾಟಕ’

ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಒಂದು ಉದಾಹರಣೆ ಇದೆ. ಕನ್ನಡದ ಹುಡುಗಿಯೊಬ್ಬಳು ತನ್ನದೇ ಓಎಸ್ ಬರೆಯಲು ಕೂತಳು ಎಂದುಕೊಳ್ಳಿ. ಮೊದಲ ದಿನವೇ ಇಂಗ್ಲಿಷಿನಲ್ಲಿ ‘ಹಲೋ’ ಮೂಡಿಸಬಹುದು. ಪಿಸಿಯ ಹಳೆಯ ಟೆಕ್ಸ್ಟ್ ಮೋಡಿನಲ್ಲಿ ಪರದೆಯೆಂದರೆ 80 ಕಾಲಂ, 25 ಸಾಲು. ಪ್ರತಿ ಮನೆಗೂ ಎರಡು ಬೈಟು, ಒಂದು ಅಕ್ಷರಕ್ಕೆ, ಇನ್ನೊಂದು ಬಣ್ಣಕ್ಕೆ. ಮೆಮೊರಿಯ 7,53,664ನೇ ವಿಳಾಸದಿಂದ ಮುಂದಿನ 4,000 ಬೈಟುಗಳಲ್ಲಿ ಏನು ಬರೆದರೂ ಅದು ಪರದೆಯ ಮೇಲೆ ಕಾಣುತ್ತದೆ. ಅಕ್ಷರದ ಚಿತ್ರಗಳು ವಿಡಿಯೊ ಹಾರ್ಡ್‌ವೇರಿನಲ್ಲೇ ಸಿದ್ಧ ಇರುತ್ತವೆ.

ಈಗ ಆಕೆ ‘ಕರ್ನಾಟಕ’ ಎಂದು ಮೂಡಿಸಬೇಕು. ಆ ಹಾರ್ಡ್‌ವೇರಿನ 256 ಚಿತ್ರಗಳಲ್ಲಿ ಕನ್ನಡವಿಲ್ಲ. ಗ್ರಾಫಿಕ್ಸ್ ಮೋಡಿಗೆ ಹೋಗಬೇಕು, ಚುಕ್ಕಿ ಚುಕ್ಕಿಯಾಗಿ ಅಕ್ಷರ ಬಿಡಿಸಬೇಕು, ಅದಕ್ಕೊಂದು ಫಾಂಟ್ ಬೇಕು. ಅಷ್ಟಾದರೂ ಸಾಲದು. ಯುನಿಕೋಡಿನಲ್ಲಿ ಆ ಪದ ಕ, ರ, ಹಲಂತ ಚಿಹ್ನೆ (್), ನ, ಆ-ಕಾರ, ಟ, ಕ ಎಂಬ ಕ್ರಮದಲ್ಲಿ ಇರುತ್ತದೆ. ಮೆಮೊರಿಯಲ್ಲಿ ರ ಮೊದಲು, ನ ಆಮೇಲೆ. ಪರದೆಯ ಮೇಲೆ ಮಾತ್ರ ‘ನಾ’ ಮೊದಲು ಬಂದು ಅರ್ಕಾವತ್ತು ಅದರ ಬಲಕ್ಕೆ ಕೂರಬೇಕು. ‘ಸ್ತ್ರೀ’ ಬರೆಯಲು ಆರು ಸಂಕೇತಗಳು. ಅವು ಒಂದಕ್ಕೊಂದು ಹೆಣೆದುಕೊಂಡು, ಒತ್ತಕ್ಷರಗಳು ಕೆಳಗಿಳಿದು, ಒಂದೇ ಅಕ್ಷರವಾಗಬೇಕು. ಈ ಕೆಲಸಕ್ಕೆ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವಿದೆ, ಆದರೆ ಅದು ನಡೆಯಬೇಕಾದರೆ ಅದರ ಕೆಳಗೆ ಮೆಮೊರಿ ಹಂಚುವ ವ್ಯವಸ್ಥೆ, ಸಿ ಲೈಬ್ರರಿ ಎಲ್ಲ ಇರಬೇಕು. ಅವನ್ನೆಲ್ಲ ಕಟ್ಟಿಕೊಳ್ಳಬೇಕಾದದ್ದು ಆಕೆಯೇ.

ಎಂಬತ್ತರ ದಶಕದಲ್ಲಿ ಡಾಸ್ ಯಂತ್ರಗಳ ಎದುರಿಗೂ ಇದೇ ಸಮಸ್ಯೆ ಇತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದವರು ಅದಕ್ಕೆಂದೇ ಒಂದು ಹಾರ್ಡ್‌ವೇರ್ ಕಾರ್ಡ್ ಮಾಡಿ ಯಂತ್ರದೊಳಗೆ ಕೂರಿಸಿದರು. ಇಂಗ್ಲಿಷಿಗಾಗಿ ಮಾಡಿದ ಪ್ರೊಗ್ರಾಮುಗಳಲ್ಲೇ ಭಾರತದ ಲಿಪಿಗಳು ಕಾಣುವಂತಾಯಿತು. ನಮ್ಮ ಲಿಪಿಯ ಸಮಸ್ಯೆಯನ್ನು ಯಂತ್ರದ ತೀರಾ ಕೆಳಪದರಕ್ಕೆ ಇಳಿದು ಬಗೆಹರಿಸಿದ ಆ ಎಂಜಿನಿಯರುಗಳ ಬಗ್ಗೆ ನನಗೆ ಗೌರವವಿದೆ.

ಈ ಉದಾಹರಣೆ ಏನು ತೋರಿಸುತ್ತದೆ? ಆಕೆಗೆ ಮೊದಲೇ ಫಾಂಟ್ ತಂತ್ರಜ್ಞಾನ ಗೊತ್ತಿರಬೇಕಾಗಿಲ್ಲ. ಯುನಿಕೋಡ್ ಪಂಡಿತೆಯಾಗಬೇಕಾಗಿಲ್ಲ. ಒಂದು ದೊಡ್ಡ ಆಸೆಯನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯಲು ಬರಬೇಕು, ಪ್ರತಿಯೊಂದನ್ನೂ ಬೇರೆಯಾಗಿ ಪರೀಕ್ಷಿಸಲು ಬರಬೇಕು, ಯಾವುದನ್ನು ಇವತ್ತು ಬಿಡಬಹುದು ಎಂದು ತೀರ್ಮಾನಿಸಲು ಬರಬೇಕು. ಮೊದಲ ಸಲಕ್ಕೆ ‘ಕರ್ನಾಟಕ’ ಎಂಬ ಇಡೀ ಪದವನ್ನು ಒಂದು ಚಿತ್ರವಾಗಿ ಇಟ್ಟುಕೊಂಡು ಮೂಡಿಸಿದರೆ ಅದೇನೂ ಮೋಸವಲ್ಲ. ಲಿನಸ್ ಕೂಡ ಓಎಸ್ ಬರೆಯುತ್ತೇನೆಂದು ಕೂತವನಲ್ಲ. ಮೋಡೆಂ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಹೋಗಲು ಒಂದು ಟರ್ಮಿನಲ್ ಬೇಕಿತ್ತು. ‘ಎ’ ಬರೆಯುತ್ತಿದ್ದ ಭಾಗ ಕೀಬೋರ್ಡಿನಿಂದ ಓದಿ ಮೋಡೆಮಿಗೆ ಕಳಿಸತೊಡಗಿತು, ‘ಬಿ’ ಬರೆಯುತ್ತಿದ್ದ ಭಾಗ ಮೋಡೆಮಿನಿಂದ ಬಂದದ್ದನ್ನು ಪರದೆಗೆ ಹಾಕತೊಡಗಿತು. ಆಮೇಲೆ ಅಲ್ಲಿಂದ ಫೈಲ್ ಇಳಿಸಿಕೊಳ್ಳಬೇಕೆನಿಸಿತು; ಅದಕ್ಕೆ ಡಿಸ್ಕ್ ಡ್ರೈವರ್ ಬೇಕಾಯಿತು, ಆಮೇಲೆ ಫೈಲ್ ಸಿಸ್ಟಂ ಬೇಕಾಯಿತು. ಬೇಸಿಗೆಯ ಹೊತ್ತಿಗೆ ಕೈಯಲ್ಲಿರುವುದು ಓಎಸ್ ಎಂದು ಗೊತ್ತಾಯಿತು. 1991ರ ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಆವೃತ್ತಿ ಸುಮಾರು 10,000 ಸಾಲು. ಇಂದಿನ ಲಿನಕ್ಸ್ ಮೂರು ಕೋಟಿ ಸಾಲು ದಾಟಿದೆ. ಹೊಸಬರು ಕಣ್ಣಿಡಬೇಕಾದದ್ದು ಹತ್ತು ಸಾವಿರದ ಮೇಲೆ.

ಓದಿ ಕಲಿತವರ ಪರಂಪರೆ

ಮೊದಲೇ ಬೇಕಾದ ಕೌಶಲಗಳಲ್ಲಿ ಯಾರೂ ಹೆಚ್ಚು ಹೇಳದ ಒಂದಿದೆ. ಬೇರೆಯವರು ಬರೆದ ಕೋಡನ್ನು ತಾಳ್ಮೆಯಿಂದ ಓದುವುದು. ಓಎಸ್ ಕಟ್ಟಿದವರ ಚರಿತ್ರೆ ಎಂದರೆ ಬಹುಮಟ್ಟಿಗೆ ಓದಿದವರ ಚರಿತ್ರೆ.

1976ರ ಸುಮಾರಿಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಎಂಬ ಅಧ್ಯಾಪಕರು ಯುನಿಕ್ಸ್‌ನ ಆರನೇ ಆವೃತ್ತಿಯ ಇಡೀ ಕರ್ನೆಲ್ ಕೋಡನ್ನು, ಸುಮಾರು 9,000 ಸಾಲನ್ನು, ಅಚ್ಚು ಹಾಕಿಸಿ, ಅದಕ್ಕೆ ಸಾಲು ಸಾಲಿಗೆ ವಿವರಣೆ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಒಬ್ಬ ವಿದ್ಯಾರ್ಥಿ ಒಂದು ಟರ್ಮ್‌ನಲ್ಲಿ ಓದಿ ಮುಗಿಸಬಹುದಾದ ಪೂರ್ಣ ಓಎಸ್ ಅದು. 1979ರ ಏಳನೇ ಆವೃತ್ತಿಯ ಲೈಸೆನ್ಸ್, ಆಕರ ಕೋಡನ್ನು ತರಗತಿಯಲ್ಲಿ ಪಾಠ ಮಾಡಬಾರದೆಂದಿತು. ಲಯನ್ಸ್ ಪುಸ್ತಕ ಜೆರಾಕ್ಸ್‌ನ ಜೆರಾಕ್ಸ್ ಆಗಿ ಕೈಯಿಂದ ಕೈಗೆ ದಾಟುತ್ತ ಬದುಕಿತು. ಅಧಿಕೃತವಾಗಿ ಪ್ರಕಟವಾಗಲು 1996 ಬರಬೇಕಾಯಿತು. ಪಾಠಕ್ಕೆ ಕೋಡ್ ಇಲ್ಲವಾದಾಗ ಆಮ್‌ಸ್ಟರ್‌ಡಾಮಿನ ಟಾನೆನ್‌ಬಾಮ್ ತಾವೇ ಮಿನಿಕ್ಸ್ ಎಂಬ ಪುಟ್ಟ ಓಎಸ್ ಬರೆದರು. 1987ರಲ್ಲಿ ಪುಸ್ತಕದ ಜೊತೆಗೇ ಅದು ಬಂತು, ಸುಮಾರು 12,000 ಸಾಲು. ಲಿನಸ್ ಓದಿದ್ದು ಇದನ್ನೇ. ಅದೇ ಮಿನಿಕ್ಸ್‌ನ ಮುಂದಿನ ರೂಪ ಇಂಟೆಲ್ ಚಿಪ್ಪುಗಳ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಭಾಗದೊಳಗೆ ಕೂತು ನಡೆಯುತ್ತಿದೆ ಎಂಬುದು 2017ರಲ್ಲಿ ಹೊರಜಗತ್ತಿಗೆ ತಿಳಿಯಿತು. ಪಾಠಕ್ಕೆಂದು ಬರೆದ ಓಎಸ್ ಹೋಗಿ ಕೂತ ಜಾಗ ಅದು.

ಲಯನ್ಸ್ ದಾರಿಯನ್ನು ಎಂಐಟಿಯವರು 2006ರಲ್ಲಿ ಮತ್ತೆ ತೆರೆದರು. ರಸ್ ಕಾಕ್ಸ್, ಫ್ರಾನ್ಸ್ ಕಾಶೋಕ್, ರಾಬರ್ಟ್ ಮಾರಿಸ್ ಸೇರಿ ಆ ಆರನೇ ಆವೃತ್ತಿಯನ್ನೇ ಈಗಿನ ಸಿ ಭಾಷೆಯಲ್ಲಿ, ಈಗಿನ ಪ್ರೊಸೆಸರಿಗೆ ಹೊಂದುವಂತೆ ಹೊಸದಾಗಿ ಬರೆದು ಎಕ್ಸ್‌ವಿ6 ಎಂದು ಹೆಸರಿಟ್ಟರು. ಈಗದು ರಿಸ್ಕ್-ಫೈವ್ ಪ್ರೊಸೆಸರಿನ ಮೇಲೆ ನಡೆಯುತ್ತದೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಕೂಡ ಅದೇ ಬಗೆಯದು. ಜೊತೆಗೆ ಸುಮಾರು ನೂರು ಪುಟದ ಒಂದು ಪುಸ್ತಕ. ಎಕ್ಸ್‌ವಿ6 ಓದಿ ಅದಕ್ಕೊಂದು ಹೊಸ ಸಿಸ್ಟಂ ಕಾಲ್ ಸೇರಿಸುವುದು, ಬರಿಯ ಪರದೆಯ ಮುಂದೆ ಕೂತು ಶೂನ್ಯದಿಂದ ಬರೆಯುವುದಕ್ಕಿಂತ ಹತ್ತು ಪಾಲು ಉತ್ತಮ ಆರಂಭ.

ಯುನಿಕ್ಸ್ ಆರನೇ ಆವೃತ್ತಿಯಲ್ಲಿ ಒಂದು ಪ್ರಸಿದ್ಧ ಟಿಪ್ಪಣಿಯಿದೆ. ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಬದಲಾಗುವ ಕೋಡಿನ ಪಕ್ಕದಲ್ಲಿ, ಇದು ನಿಮಗೆ ಅರ್ಥವಾಗಲೇಬೇಕೆಂಬ ನಿರೀಕ್ಷೆಯಿಲ್ಲ ಎಂಬ ಅರ್ಥದ ಮಾತು ಬರೆದಿತ್ತು. ಬಹಳ ಜನ ಅದನ್ನು ಸೊಕ್ಕು ಎಂದುಕೊಂಡರು. ವರ್ಷಗಳ ನಂತರ ರಿಚಿ ವಿವರಿಸಿದರು: ಪರೀಕ್ಷೆಗೆ ಇದು ಬರುವುದಿಲ್ಲ ಎನ್ನುವ ಧಾಟಿಯಲ್ಲಿ ಹಾಕಿದ್ದು ಅದು, ನಿಜವಾದ ತೊಂದರೆಯೆಂದರೆ ಅಲ್ಲಿ ಏನಾಗುತ್ತಿದೆ ಎಂಬುದು ತಮಗೂ ಸರಿಯಾಗಿ ಅರ್ಥವಾಗಿರಲಿಲ್ಲ ಎಂದು. ಯುನಿಕ್ಸ್ ಕಟ್ಟಿದವರಿಗೇ ಹಾಗಾಗಿತ್ತು. ಎಲ್ಲವೂ ಅರ್ಥವಾದ ಮೇಲೆಯೇ ಆರಂಭಿಸುತ್ತೇನೆ ಎನ್ನುವವರು ಇದನ್ನು ನೆನಪಿಡಬೇಕು.

ತಯಾರಿಯ ಅಳತೆ

ಹಾಗಾದರೆ ತಾನು ಸಿದ್ಧನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅಂಕಪಟ್ಟಿ ನೋಡಿ ತಿಳಿಯುವುದಿಲ್ಲ. ನಾನು ಕೇಳುವುದು ಇಷ್ಟು. ಸಿ ಭಾಷೆಯಲ್ಲಿ ಒಂದು ಲಿಂಕ್ಡ್ ಲಿಸ್ಟ್ ಬರೆದು, ಅದರ ನಡುವಿನ ಒಂದು ಕೊಂಡಿಯನ್ನು ಪುಸ್ತಕ ನೋಡದೆ ತೆಗೆದುಹಾಕಬಲ್ಲಿರಾ? ಒಂದು ದೊಡ್ಡ ಅರೇಯನ್ನು ಇಟ್ಟುಕೊಂಡು ನಿಮ್ಮದೇ ಮ್ಯಾಲಕ್ ಮತ್ತು ಫ್ರೀ ಬರೆಯಬಲ್ಲಿರಾ? ಲಿನಕ್ಸಿನಲ್ಲಿ ಫೋರ್ಕ್ ಮತ್ತು ಎಕ್ಸೆಕ್ ಬಳಸಿ ಪೈಪ್ ನಡೆಯುವಂಥ ಸಣ್ಣ ಶೆಲ್ ಮಾಡಬಲ್ಲಿರಾ? ಹದಿನಾರರ ಲೆಕ್ಕದಲ್ಲಿ ಬರೆದ ಸಂಖ್ಯೆ ನೋಡಿ ಅದರ ಐದನೇ ಬಿಟ್ ಒಂದೋ ಸೊನ್ನೆಯೋ ಹೇಳಬಲ್ಲಿರಾ? ನೀವೇ ಬರೆದ ಸಾವಿರ ಸಾಲಿನ ಪ್ರೊಗ್ರಾಂ ಕುಸಿದಾಗ ಡಿಬಗರ್ ಹಿಡಿದು ಅದರ ಕಾರಣಕ್ಕೆ ತಲುಪಿದ್ದೀರಾ? ಹೌದು ಎಂದಾದರೆ ನಾಳೆಯೇ ಆರಂಭಿಸಿ. ಅಲ್ಲ ಎಂದಾದರೆ ಇದನ್ನೇ ಮೊದಲು ಮಾಡಿ. ಶ್ರದ್ಧೆಯಿದ್ದರೆ ಒಂದು ವರ್ಷದ ಒಳಗಿನ ಕೆಲಸ ಇದು, ಇದರಲ್ಲಿ ಒಂದು ದಿನವೂ ವ್ಯರ್ಥವಲ್ಲ.

ಅಸೆಂಬ್ಲಿ ಓದಲು ಬಂದರೆ ಸಾಕು. ಇಂಥ ಪುಟ್ಟ ಓಎಸ್‌ನಲ್ಲಿ ಅದು ಕೆಲವು ನೂರು ಸಾಲು ಮೀರುವುದಿಲ್ಲ. ಗಣಿತ ಬಹಳ ಬೇಡ. ಎಲೆಕ್ಟ್ರಾನಿಕ್ಸ್ ಪದವಿ ಬೇಡ. ಯಂತ್ರ ಕೆಟ್ಟೀತೆಂಬ ಭಯವಂತೂ ಬೇಡವೇ ಬೇಡ. ಲಿನಸ್ ಒಮ್ಮೆ ಮೋಡೆಂ ಎಂದುಕೊಂಡು ಹಾರ್ಡ್ ಡಿಸ್ಕಿಗೇ ಫೋನ್ ನಂಬರಿನ ಆಜ್ಞೆ ಕಳಿಸಿ ತನ್ನ ಮಿನಿಕ್ಸ್ ಪಾರ್ಟಿಷನ್ ಅಳಿಸಿಕೊಂಡಿದ್ದ. ಇಂದು ಕ್ಯೂಎಂಯು ಇದೆ. 2003ರಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲಾರ್ಡ್ ಆರಂಭಿಸಿದ ಈ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪಿನ ಒಳಗೇ ಒಂದು ಕಂಪ್ಯೂಟರನ್ನು ತೋರಿಸುತ್ತದೆ. ಅದನ್ನು ಯಾವ ಆಜ್ಞೆಯಲ್ಲಿ ಬೇಕಾದರೂ ನಿಲ್ಲಿಸಿ ಪ್ರತಿ ರಿಜಿಸ್ಟರಿನ ಒಳಗೆ ಇಣುಕಬಹುದು.

ಬಹಳ ಜನ ಸೋಲುವುದು ಕೋಡಿನಲ್ಲಲ್ಲ, ಅದಕ್ಕೂ ಮೊದಲಿನ ಸಲಕರಣೆಗಳಲ್ಲಿ. ತನ್ನ ಯಂತ್ರಕ್ಕಲ್ಲದೆ ಬೇರೊಂದು ಗುರಿಗೆ ಕೋಡ್ ತಯಾರಿಸುವ ಕ್ರಾಸ್ ಕಂಪೈಲರ್, ಯಾವ ಭಾಗ ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಹೇಳುವ ಲಿಂಕರ್ ಸ್ಕ್ರಿಪ್ಟ್, ಮೇಕ್‌ಫೈಲ್ ಇವು ನಮ್ಮ ಪಠ್ಯಕ್ರಮದ ಯಾವ ಸೆಮಿಸ್ಟರಿನಲ್ಲೂ ನೆಟ್ಟಗೆ ಬರುವುದಿಲ್ಲ. ಥಾಂಪ್ಸನ್ ಕೂಡ ಮೊದಲಿಗೆ ಬೇರೊಂದು ದೊಡ್ಡ ಯಂತ್ರದಲ್ಲಿ ಪ್ರೊಗ್ರಾಂ ತಯಾರಿಸಿ, ರಂಧ್ರ ಹೊಡೆದ ಕಾಗದದ ಸುರುಳಿಯಲ್ಲಿ ಪಿಡಿಪಿ-7ಕ್ಕೆ ಹೊತ್ತು ತರುತ್ತಿದ್ದರು. ಕೆಲಸದ ಸ್ವರೂಪ ಇಂದಿಗೂ ಅದೇ.

ಇನ್ನೂ ಒಂದು ಎಚ್ಚರಿಕೆ ಹೇಳಬೇಕು. ಬೂಟ್ ಆಗುವುದು, ಪರದೆಗೆ ಬರೆಯುವುದು, ಕೀಬೋರ್ಡ್ ಓದುವುದು ಇವು ಕಷ್ಟವೆನಿಸಿದರೂ ಸುಲಭದ ಭಾಗ. ನಿಜವಾದ ಕಷ್ಟ ಆಮೇಲಿನದು. ಲಿಂಕ್ಡ್ ಲಿಸ್ಟಿನ ಎರಡು ಕೊಂಡಿಗಳಲ್ಲಿ ಒಂದನ್ನು ಬದಲಿಸಿ ಇನ್ನೊಂದನ್ನು ಬದಲಿಸುವುದರೊಳಗೆ ಇಂಟರಪ್ಟ್, ಅಂದರೆ ಟೈಮರಿನದರಂಥ ಒಂದು ಎಚ್ಚರಿಕೆ, ಬಂತು. ಆ ಇಂಟರಪ್ಟಿನ ಕೋಡ್ ಕೂಡ ಅದೇ ಲಿಸ್ಟನ್ನು ಮುಟ್ಟಿತು. ಸಾವಿರ ಸಲ ಸರಿಯಾಗಿ ನಡೆದದ್ದು ಒಂದು ಸಲ ಮುರಿಯುತ್ತದೆ, ಮತ್ತೆ ಬೇಕೆಂದಾಗ ಮುರಿಯುವುದಿಲ್ಲ. ಕುತೂಹಲಕ್ಕೆ ಶುರುವಾದ ಅನೇಕ ಓಎಸ್‌ಗಳು ನಿಂತುಹೋಗುವುದು ಈ ಹಂತದಲ್ಲಿ. ಎಐ ಸಹಾಯಕರು ಬೂಟ್ ಕೋಡನ್ನು ಕ್ಷಣದಲ್ಲಿ ಬರೆದುಕೊಡುತ್ತಾರೆ, ಅದು ನಡೆಯಲೂಬಹುದು. ಆದರೆ ಇಂಥ ತಪ್ಪನ್ನು ಹುಡುಕುವ ಹೊತ್ತಿಗೆ ಪ್ರತಿ ಸಾಲೂ ಯಾಕೆ ಅಲ್ಲಿದೆ ಎಂದು ನಿಮ್ಮ ತಲೆಯಲ್ಲಿ ಇರಲೇಬೇಕು. ಬೇರೆಯವರಿಂದ ಬರೆಸಿಕೊಂಡ ಕರ್ನೆಲ್ ನಿಮಗೆ ಏನನ್ನೂ ಕಲಿಸುವುದಿಲ್ಲ.

ನಮ್ಮ ಕಾಲೇಜುಗಳ ಓಎಸ್ ಲ್ಯಾಬುಗಳ ಬಗ್ಗೆ ನನಗೆ ನಿಜವಾದ ಸಂಕಟವಿದೆ. ರೌಂಡ್ ರಾಬಿನ್ ಶೆಡ್ಯೂಲಿಂಗನ್ನು ಅಂಕಿಗಳಲ್ಲಿ ಲೆಕ್ಕ ಹಾಕಿ ಪ್ರಿಂಟ್‌ಎಫ್‌ನಲ್ಲಿ ತೋರಿಸುವ ಪ್ರೊಗ್ರಾಂ, ಬ್ಯಾಂಕರ್ಸ್ ಅಲ್ಗಾರಿದಂನ ಪ್ರೊಗ್ರಾಂ, ಪೇಜ್ ಬದಲಿಸುವ ಕ್ರಮದ ಪ್ರೊಗ್ರಾಂ. ಎಲ್ಲವೂ ಓಎಸ್‌ನ ಅಣಕು. ಬ್ಯಾಂಕರ್ಸ್ ಅಲ್ಗಾರಿದಂ ಅನ್ನು ನಾವು ದಿನನಿತ್ಯ ಬಳಸುವ ಓಎಸ್‌ಗಳು ಬಳಸುವುದೂ ಇಲ್ಲ. ಒಂದು ಇಂಟರಪ್ಟನ್ನೂ ಮುಟ್ಟದೆ ಹುಡುಗರು ಓಎಸ್ ಪೇಪರಿನಲ್ಲಿ ಒಳ್ಳೆಯ ಅಂಕ ತೆಗೆದು ಹೊರಬರುತ್ತಾರೆ. ಹೀಗೇ ಇರಬೇಕೆಂದೇನಿಲ್ಲ. ಕಲ್ಲಿಕೋಟೆಯ ಎನ್‌ಐಟಿ ವಿದ್ಯಾರ್ಥಿಗಳಿಗೆಂದು ಎಕ್ಸ್‌ಪಿಒಎಸ್ ಎಂಬ ಯೋಜನೆ ರೂಪಿಸಿದೆ. ಅಲ್ಲಿ ವಿದ್ಯಾರ್ಥಿ ಒಂದು ಸರಳ ಕಾಲ್ಪನಿಕ ಯಂತ್ರದ ಮೇಲೆ ಹಂತ ಹಂತವಾಗಿ ತನ್ನದೇ ಓಎಸ್ ಕಟ್ಟುತ್ತಾನೆ, ಕಟ್ಟುತ್ತಾಳೆ. ನಿಜ ಹಾರ್ಡ್‌ವೇರಿನ ಹಳೆಯ ಗೋಜಲುಗಳೆಲ್ಲ ಬದಿಗೆ ಸರಿದು, ಪ್ರೊಸೆಸ್, ಇಂಟರಪ್ಟ್, ಫೈಲ್ ಎಂಬ ಮುಖ್ಯ ವಿಚಾರಗಳು ಮಾತ್ರ ಎದುರಿಗೆ ಉಳಿಯುತ್ತವೆ. ಯೋಜನೆಯ ಪಾಠಗಳು ಎಲ್ಲರಿಗೂ ತೆರೆದಿವೆ. ಕರ್ನಾಟಕದ ಯಾವ ಕಾಲೇಜೂ ಇದನ್ನು ನಾಳೆಯೇ ತನ್ನ ಲ್ಯಾಬಿಗೆ ತಂದುಕೊಳ್ಳಬಹುದು.

ಕಂಪ್ಯೂಟರಿನ ಒಳಗೇನಿದೆ ಎಂಬುದೇ ಗೊತ್ತಿಲ್ಲದವರಿಗೂ ದಾರಿಯಿದೆ. ನೋಮ್ ನಿಸಾನ್ ಮತ್ತು ಶಿಮೋನ್ ಶೋಕೆನ್ ಎಂಬ ಇಸ್ರೇಲಿನ ಅಧ್ಯಾಪಕರು ರೂಪಿಸಿದ ಪಾಠಕ್ರಮ ನ್ಯಾಂಡ್ ಗೇಟ್ ಎಂಬ ಅತಿ ಸಣ್ಣ ಘಟಕದಿಂದ ಹೊರಟು, ಪ್ರೊಸೆಸರ್, ಅಸೆಂಬ್ಲರ್, ಕಂಪೈಲರ್ ದಾಟಿ ಒಂದು ಪುಟ್ಟ ಓಎಸ್‌ಗೆ ತಂದು ನಿಲ್ಲಿಸುತ್ತದೆ. 2005ರಲ್ಲಿ ಅದು ಪುಸ್ತಕವಾಗಿ ಬಂತು. ಸ್ವಲ್ಪ ಪ್ರೊಗ್ರಾಮಿಂಗ್ ಗೊತ್ತಿದ್ದರೆ ಸಾಕು, ಪಿಯುಸಿ ಮುಗಿಸಿದವರೂ ಹಿಡಿಯಬಹುದು.

ಇವೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇದು ಸಣ್ಣ ತೊಡಕಲ್ಲ. ಕೈಪಿಡಿಯ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷಿಗಿಂತ ಸರಳ, ಮತ್ತೆ ಮತ್ತೆ ಬರುವ ಪದಗಳು ಕಡಿಮೆ, ನಿಧಾನವಾಗಿ ಓದಿದರೆ ದಕ್ಕುತ್ತದೆ ಎಂದು ಅವರಿಗೆ ಧೈರ್ಯ ಹೇಳುತ್ತೇನೆ. ಆದರೆ ಹೊಣೆಯನ್ನೆಲ್ಲ ಅವರ ಮೇಲೆ ಹೊರಿಸಿ ಕೂರಲಾಗದು. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ದಿನವೂ ಕರ್ನೆಲ್ ಮತ್ತು ಡ್ರೈವರ್ ಬರೆಯುವ ಕನ್ನಡಿಗರು ಇದ್ದಾರೆ. ಅವರಲ್ಲಿ ಕೆಲವರಾದರೂ ಮುಂದೆ ಬಂದು ಎಕ್ಸ್‌ವಿ6ನ ಒಂದ್ಹತ್ತು ಕಡತಗಳಿಗೆ, ಲಯನ್ಸ್ ಮಾಡಿದಂತೆ, ಸಾಲು ಸಾಲಾಗಿ ಕನ್ನಡದಲ್ಲಿ ವಿವರಣೆ ಬರೆಯಲಿ. ಟೆಂಡರ್, ಅನುದಾನ, ಸಮಿತಿ ಯಾವುದೂ ಬೇಕಿಲ್ಲದ ಕೆಲಸ ಇದು. ಕೋಡ್ ಮುಕ್ತವಾಗಿದೆ, ಅದನ್ನು ಬಳಸಲು ಯಾರ ಅನುಮತಿಯೂ ಬೇಕಾಗಿಲ್ಲ.

ಆರಂಭಿಸಬೇಕೆಂದಿರುವ ವಿದ್ಯಾರ್ಥಿಗಳು ಈ ವಾರವೇ ಎಕ್ಸ್‌ವಿ6 ಇಳಿಸಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಸಾಕು. ಪುಸ್ತಕದ ಮೊದಲ ಅಧ್ಯಾಯ ಓದಿ, ಶೆಲ್‌ನ ಕೋಡನ್ನು ಎದುರಿಗಿಟ್ಟುಕೊಳ್ಳಿ. ಅದು ಐನೂರು ಸಾಲಿನ ಆಸುಪಾಸಿನಲ್ಲಿದೆ. ಅರ್ಧದಷ್ಟಾದರೂ ತಿಳಿದರೆ ನಿಮಗೆ ಬೇಕಾದ ತಯಾರಿ ಆಗಿದೆ, ಮುಂದಿನ ಅಧ್ಯಾಯಕ್ಕೆ ಹೋಗಿ. ಏನೂ ತಿಳಿಯದಿದ್ದರೆ ಕೈಗೆ ಸಿ ಪುಸ್ತಕ ತೆಗೆದುಕೊಳ್ಳಿ, ಪಾಯಿಂಟರ್ ಅಧ್ಯಾಯದಿಂದ ಶುರು ಮಾಡಿ.